ಹಳೇ ಜೀಪಿಗೆ ಹೊಸ ಡಿಸ್ಕು

ನಮ್ಮ ಕಡೆ, ಅಂದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಊರುಗಳಲ್ಲಿ, ಜೀಪು ಅನ್ನೋದು ಶೋಕಿಗೆ ಇಟ್ಕೊಂಡಿರೋ ವಾಹನ ಅಲ್ಲ. ಅದು ಮನೆಯ ಲಾರಿ. ಅಡಿಕೆ ಚೀಲ ಶಿರಸಿ ಪೇಟೆಗೆ ಹೋಗೋದು ಅದರಲ್ಲಿ, ಬೆಟ್ಟದಿಂದ ಸೊಪ್ಪು-ದರಕು ಬರೋದು ಅದರಲ್ಲಿ, ಗೊಬ್ಬರ, ಹಿಂಡಿ, ಮದುವೆ ಮನೆಯ ದೊಡ್ಡ ಪಾತ್ರೆ, ಯಕ್ಷಗಾನ ನೋಡೋಕೆ ಹೊರಟ ಹದಿನಾಲ್ಕು ಜನ... ಎಲ್ಲಾ ಅದರಲ್ಲೇ. ಅಮೆರಿಕದಲ್ಲಿರೋ ನನ್ನ ಕ್ಲಾಸ್‌ಮೇಟ್ ಒಬ್ಬ ತನ್ನ ಪಿಕಪ್ಪನ್ನ "ನನ್ನ ಟ್ರಕ್ಕು" ಅಂತಾನೆ. ಆ ಲೆಕ್ಕದಲ್ಲಿ ನಮ್ಮನೇಲೂ ಒಂದು ಹಳೇ ಟ್ರಕ್ಕಿದೆ. 1992ರ ಮಹೀಂದ್ರ ಎಂಎಂ 540, ಪ್ಯೂಜೋ ಡೀಸೆಲ್ ಎಂಜಿನ್ನು. ಪವರ್ ಸ್ಟೇರಿಂಗು ಗಿವರ್ ಸ್ಟೇರಿಂಗು ಏನೂ ಇಲ್ಲ. ಆದ್ರೆ ನಾಲ್ಕೂ ಚಕ್ರಕ್ಕೆ ಎಳೆತ ಇದೆ, ಅದೇ ಮುಖ್ಯ.

ನಮ್ಮನೆ ಸಿದ್ದಾಪುರದ ಕಡೆ, ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರು ಒಳಗೆ. ಕೇರಿಯಲ್ಲಿ ಏಳು ಮನೆ. ಬೇಸಿಗೆಯಲ್ಲಿ ಆಲ್ಟೋನೂ ಬರತ್ತೆ, ಬುಕ್ ಮಾಡಿದ ಟ್ಯಾಕ್ಸಿನೂ ಬರತ್ತೆ. ಜೂನ್ ಎರಡನೇ ವಾರದ ನಂತ್ರ ಆ ಕೆಮ್ಮಣ್ಣಿನ ಏರು ಹತ್ತೋದು ಜೀಪು ಮಾತ್ರ. ಹಾಗಾಗಿ ಏಳು ಮನೆಗೂ ಮಳೆಗಾಲದ ಆಂಬುಲೆನ್ಸು ಇದೇ. ನಮ್ಮಜ್ಜಿಯನ್ನ ತಿಂಗಳಿಗೊಂದ್ಸಲ ಶಿರಸಿ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಇದರಲ್ಲೇ. ಓಡಿಸೋದು ಅಪ್ಪಯ್ಯ. ಅವಂಗೆ 64 ವರ್ಷ, ಎಡ ಭುಜ ಸ್ವಲ್ಪ ನೋವು.

ಈ ವರ್ಷ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದಾಗ ಹಿಂದಿನ ಎಡಗಡೆ ಚಕ್ರ ಪಂಕ್ಚರ್ ಆಗಿತ್ತು. ಸಿದ್ದಾಪುರದ ಪಂಕ್ಚರ್ ಅಂಗಡಿಯ ಹುಡುಗ ಟೈರು ಬಿಚ್ಚಿ, ಡಿಸ್ಕನ್ನ ನೀರಲ್ಲಿ ತೊಳೆದು, ಏನೂ ಮಾತಾಡ್ದೆ ಅಪ್ಪಯ್ಯನ ಮುಂದೆ ಹಿಡಿದ. ಒಂದು ನಟ್ಟಿನ ತೂತಿನಿಂದ ನಡುವಿನ ದೊಡ್ಡ ತೂತಿನ ಕಡೆ ಕೂದಲೆಳೆಯಷ್ಟು ಬಿರುಕು. ಐದರಲ್ಲಿ ಎರಡು ತೂತು ದುಂಡಗಿಲ್ಲ, ಮೊಟ್ಟೆ ಆಕಾರ ಆಗಿವೆ. (ಪುಸ್ತಕದಲ್ಲಿ ರಿಮ್ ಅಂತ ಏನೇ ಇರ್ಲಿ, ನಮ್ಮ ಗ್ಯಾರೇಜುಗಳಲ್ಲಿ ಅದು ಡಿಸ್ಕೇ. ಹಾಗೇ ಬರೀತೀನಿ.)

"ವೆಲ್ಡಿಂಗ್ ಹೊಡ್ಸಿದ್ರಾತು, ಅದ್ಕೆಂತ?" ಅಂದ ಅಪ್ಪಯ್ಯ.

ನಮ್ಮೂರಲ್ಲಿ ವೆಲ್ಡಿಂಗ್‌ನಿಂದ ಆಗದ ಕೆಲಸ ಇಲ್ಲ ಅಂತಾನೇ ನಂಬಿಕೆ. ಉಣಗೋಲಿನಿಂದ ಹಿಡಿದು ಸ್ಪ್ರೇ ಪಂಪಿನ ಹಿಡಿಕೆ ತನಕ. ಆದ್ರೆ ಡಿಸ್ಕಿನ ನಡುಭಾಗ ಹಾಗಲ್ಲ. ಚಕ್ರ ಒಂದು ಸುತ್ತು ತಿರುಗೋದ್ರೊಳಗೆ ಆ ತಗಡು ಒಂದ್ಸಲ ಒಂದು ಕಡೆ ಬಾಗಿ ಮತ್ತೆ ವಾಪಸ್ ಬರತ್ತೆ. ಎರಡು ಮೀಟರು ಚಿಲ್ಲರೆಗೆ ಒಂದು ಸುತ್ತು ಅಂದ್ರೆ, ಒಂದು ಕಿಲೋಮೀಟರಿಗೆ ನಾನೂರಕ್ಕೂ ಹೆಚ್ಚು ಸಲ. ಹೀಗೆ ಬಾಗಿ ಬಾಗಿ ಶುರುವಾದ ಬಿರುಕಿನ ಮೇಲೆ ವೆಲ್ಡ್ ಮಾಡಿದ್ರೆ, ಆ ಗೆರೆ ಮುಚ್ಚಿದ ಹಾಗೆ ಕಾಣತ್ತೆ, ಅಷ್ಟೇ. ಕಾದ ಜಾಗದ ಅಂಚಿನಲ್ಲಿ ಲೋಹದ ಗುಣವೇ ಬದಲಾಗಿ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟತ್ತೆ. ಸಾಲದ್ದಕ್ಕೆ ನಟ್ಟು ಕೂರೋ ಜಾಗ ಸೊಟ್ಟ ಆಗತ್ತೆ. ಇದನ್ನ ಅಪ್ಪಯ್ಯಂಗೆ ಹೇಳಿದಾಗ ಅವ ಮಾತಾಡ್ಲಿಲ್ಲ. ದೇವಿಮನೆ ಘಟ್ಟದ ಇಳುಕಲು ನೆನಪು ಮಾಡ್ಕೊಂಡಿರ್ಬೇಕು.

ಉಳಿದ ನಾಲ್ಕು ಡಿಸ್ಕನ್ನೂ ಮನೆಗೆ ಬಂದು ತಂತಿ ಬ್ರಷ್ಷಲ್ಲಿ ಉಜ್ಜಿ ನೋಡಿದೆ. ಜಾಕ್ ಹಾಕಿ ಎತ್ತಿ, ಅಂಚಿನ ಹತ್ರ ಸೀಮೆಸುಣ್ಣ ಹಿಡಿದು ಕೈಯಲ್ಲಿ ತಿರುಗಿಸೋದು. ಸರಿ ಇದ್ದ ಡಿಸ್ಕಿಗೆ ಸುತ್ತಲೂ ಗೆರೆ ಬೀಳತ್ತೆ. ಸೊಟ್ಟ ಇದ್ರೆ ಒಂದೇ ಕಡೆ ಬೀಳತ್ತೆ. ಎರಡಕ್ಕೆ ಒಂದೇ ಕಡೆ ಬಿತ್ತು. ಮೂವತ್ತು ಮಳೆಗಾಲ ಕಂಡ ಕಬ್ಬಿಣ, ಟೈರಿನ ಅಂಚು ಕೂರೋ ಜಾಗದಲ್ಲಿ ತುಕ್ಕು ಪದರ ಪದರವಾಗಿ ಎದ್ದು ಬರ್ತಿತ್ತು. ಐದನ್ನೂ ಬದಲಿಸೋದು ಅಂತ ತೀರ್ಮಾನ ಆಯ್ತು. ಮಳೆಗೆ ಮೂರು ವಾರ ಇತ್ತು.

ಇಲ್ಲಿಂದ ಕಥೆ ಶುರು. ಹುಬ್ಬಳ್ಳಿಯಲ್ಲಿರೋ ನಮ್ಮ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದ್ರೆ, "ಅಣ್ಣಾ, ನನ್ನತ್ರ ಒಂದ್ ಸೆಟ್ ಅಲಾಯ್ ಇದ್ದು. ಟೈರ್ ಸಮೇತ. ತಗಂಡ್ ಹೋಗು, ದುಡ್ಡು ಬ್ಯಾಡ" ಅಂದ. ಅವನ ಹಳೇ ಜೀಪಿಗೆ ಹಾಕಿದ್ದು, ಜೀಪು ಮಾರಿದಾಗ ತೆಗೆದಿಟ್ಟುಕೊಂಡಿದ್ದಂತೆ. 15 ಇಂಚಿನ ಕಪ್ಪು ಚಕ್ರ, 8 ಇಂಚು ಅಗಲ, 31x10.5 ಟೈರು. ಫೋಟೋ ಕಳಿಸಿದ. ಆಯಿ ನೋಡಿ "ಚೊಲೊ ಇದ್ದಲಾ!" ಅಂದಳು. ನಿಜ, ನೋಡೋಕೆ ಭಾರೀ ಗತ್ತು.

"ಪುಕ್ಕಟೆ ಬತ್ತು ಹೇಳಾದ್ರೆ ಎಂತಕ್ಕೆ ಬ್ಯಾಡಾ?" ಅಪ್ಪಯ್ಯನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. "ಜೀಪಿಗೆ ಕೂಡ್ತು ಹೇಳಿ ಅಂವ ಹೇಳ್ತಾ ಇದ್ನಲಾ."

ಕೂರತ್ತೆ, ನಿಜ. ಆದ್ರೆ 'ಕೂರೋದು' ಬೇರೆ, 'ಸರಿ ಹೊಂದೋದು' ಬೇರೆ. ಈ ವ್ಯತ್ಯಾಸ ಹೇಳೋದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲನೇದು ಪಿಸಿಡಿ. ಐದು ಸ್ಟಡ್ಡುಗಳ ನಡುಬಿಂದು ಸೇರಿಸಿ ಒಂದು ವೃತ್ತ ಎಳೆದ್ರೆ ಅದರ ವ್ಯಾಸ. ನಮ್ಮ ಜೀಪಿಗೆ ಅದು 139.7 ಮಿಲಿಮೀಟರು. ಇದೇನು ವಿಚಿತ್ರ ಸಂಖ್ಯೆ ಅನ್ನಿಸಬಹುದು, ಆದ್ರೆ ಇಂಚಿನಲ್ಲಿ ನೋಡಿದ್ರೆ ಸರಿಯಾಗಿ ಐದೂವರೆ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಶುರುವಾದ ಮಹೀಂದ್ರ ಕಂಪನಿ 1947ರಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನ ಇಲ್ಲಿ ಜೋಡಿಸೋಕೆ ಶುರು ಮಾಡ್ತು. ಆ ಇಂಚಿನ ಅಳತೆ ಅಲ್ಲಿಂದ ಬಂದು ಹಾಗೇ ಉಳಿದುಬಿಟ್ಟಿದೆ. ನಮ್ಮ ಬೊಲೆರೊಗೂ ಅದೇ, ಮಾರುತಿ ಜಿಪ್ಸಿಗೂ ಅದೇ. ನನ್ನ ಅಮೆರಿಕದ ಸ್ನೇಹಿತನ ಹಳೇ ಡಾಡ್ಜ್ ರಾಮ್ 1500ಕ್ಕೂ ಅದೇ ಐದು ಸ್ಟಡ್ಡು, ಐದೂವರೆ ಇಂಚು! ಅವನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕ. ಐದು ಸ್ಟಡ್ಡಿದ್ದಾಗ ಎದುರು ಬದುರು ಸ್ಟಡ್ಡು ಇರಲ್ಲ, ಹಾಗಾಗಿ ನೇರ ಅಳೆಯೋಕೆ ಆಗಲ್ಲ. ಅಕ್ಕಪಕ್ಕದ ಎರಡು ಸ್ಟಡ್ಡಿನ ನಡುವಿಂದ ನಡುವಿಗೆ ಅಳೆದು 1.7ರಿಂದ ಗುಣಿಸಬೇಕು. ನಮ್ಮದಕ್ಕೆ 82 ಮಿಲಿಮೀಟರು ಬಂದ್ರೆ ಲೆಕ್ಕ ಸರಿ.

ಎರಡನೇದು ನಡುವಿನ ತೂತು. ಫೋರ್ ವೀಲ್ ಜೀಪಿನ ಮುಂದಿನ ಹಬ್ಬು ದಪ್ಪ ಮೂತಿ ಥರ ಹೊರಗೆ ಚಾಚಿರತ್ತೆ, ಅದು ಹಾಯೋವಷ್ಟು ದೊಡ್ಡ ತೂತು ಬೇಕು. ಪಿಸಿಡಿ ಹೊಂದಿದ ಮಾತ್ರಕ್ಕೆ ಹಿಂದಿನ ಚಕ್ರಕ್ಕೆ ಕೂತದ್ದು ಮುಂದಕ್ಕೆ ಕೂರತ್ತೆ ಅಂತ ಇಲ್ಲ. ಹಿಂದಕ್ಕೊಂದು ಮುಂದಕ್ಕೊಂದು ಹಾಕಿ ನೋಡ್ದೆ ದುಡ್ಡು ಕೊಡಬಾರದು.

ಇವೆರಡೂ ತಮ್ಮನ ಅಲಾಯ್‌ಗೆ ಪಾಸು. ಫೇಲಾಗಿದ್ದು ಆಫ್‌ಸೆಟ್ಟಿನಲ್ಲಿ. ಇದೊಂದು ಸ್ವಲ್ಪ ತಾಳ್ಮೆಯಿಂದ ಓದಿ. ಚಕ್ರದ ಅಗಲವನ್ನ ಸರಿಯಾಗಿ ಅರ್ಧ ಮಾಡೋ ಒಂದು ಗೆರೆ ಊಹಿಸ್ಕೊಳ್ಳಿ. ಡಿಸ್ಕು ಹಬ್ಬಿಗೆ ಅಂಟೋ ಮುಖ ಆ ಗೆರೆಗಿಂತ ಹೊರಗಡೆ ಇದ್ರೆ ಪ್ಲಸ್, ಒಳಗಡೆ ಇದ್ರೆ ಮೈನಸ್. ಅಳೆಯೋದು ಸುಲಭ: ಡಿಸ್ಕನ್ನ ಬೋರಲು ಹಾಕಿ, ಅಂಚಿಂದ ಅಂಚಿಗೆ ಒಂದು ನೇರ ರೀಪು ಇಟ್ಟು, ರೀಪಿನಿಂದ ಹಬ್ಬಿನ ಮುಖದ ತನಕ ಎಷ್ಟು ಆಳ ಇದೆ ನೋಡೋದು. ಆ ಆಳದಲ್ಲಿ ಒಟ್ಟು ಅಗಲದ ಅರ್ಧ ಕಳೆದ್ರೆ ಆಫ್‌ಸೆಟ್. ತಮ್ಮನ 8 ಇಂಚಿನ ಚಕ್ರಕ್ಕೆ ಅಂಚುಗಳ ದಪ್ಪ ಸೇರಿ ಒಟ್ಟು ಅಗಲ 9 ಇಂಚು, ಅರ್ಧ ನಾಲ್ಕೂವರೆ. ಆಳ 3.75 ಇಂಚು. ಅಂದ್ರೆ ಮೈನಸ್ ಮುಕ್ಕಾಲು ಇಂಚು, ಮೈನಸ್ 19 ಮಿಲಿಮೀಟರು. ನಮ್ಮ ಹಳೇ ನಾಲ್ಕೂವರೆ ಇಂಚಿನ ಡಿಸ್ಕು ಅಳೆದ್ರೆ ಪ್ಲಸ್ 20ರ ಆಸುಪಾಸು ಬಂತು. ಎರಡರ ನಡುವೆ ಹತ್ರ ಹತ್ರ 40 ಮಿಲಿಮೀಟರು ವ್ಯತ್ಯಾಸ.

ನಾಲ್ಕು ಸೆಂಟಿಮೀಟರು ತಾನೇ ಅನ್ನಬಹುದು. ತುಂಬಿದ ಕೊಡಪಾನ ಸೊಂಟದ ಮೇಲೆ ಇಟ್ಕೊಂಡು ನಡೆಯೋದಕ್ಕೂ, ಕೈ ಚಾಚಿ ಹಿಡ್ಕೊಂಡು ನಡೆಯೋದಕ್ಕೂ ಇರೋ ಫರಕೇ ಇದು. ಜೀಪಿನ ಭಾರ ಅಷ್ಟೇ, ಆದ್ರೆ ಅದು ಬೇರಿಂಗಿನಿಂದ ದೂರ ಹೋಯ್ತು. ಮುಂದಿನ ಚಕ್ರ ತಿರುಗೋ ಕೀಲಿನಿಂದಲೂ ದೂರ ಹೋಯ್ತು. ಒಂದು ಗುಂಡಿ, ಒಂದು ಕಲ್ಲು ಸಿಕ್ಕಿದ್ರೆ ಸ್ಟೇರಿಂಗು ಕೈಯಿಂದ ಕಿತ್ಕೊಳ್ಳತ್ತೆ. ಪವರ್ ಸ್ಟೇರಿಂಗಿಲ್ಲದ ಗಾಡಿ, ಭುಜ ನೋಯೋ ಡ್ರೈವರು. ನನಗೆ ಅಲ್ಲಿಗೇ ಉತ್ತರ ಸಿಕ್ಕಿತ್ತು.

ಇನ್ನೂ ಇದೆ. ಎರಡೂ ಕಡೆ ಸೇರಿ 80 ಮಿಲಿಮೀಟರು, ಅದರ ಮೇಲೆ ಟೈರಿನ ಅಗಲ. ನಮ್ಮನೆ ದಾರಿಯಲ್ಲಿ ಒಂದು ಕಡೆ ದರೆ, ಇನ್ನೊಂದು ಕಡೆ ಹಳ್ಳ. ಮೋರಿ ಹತ್ರ ಈಗಲೇ ಟೈರು ಅಂಚಿಗೆ ಒಂದು ಗೇಣು ಬಿಟ್ಟು ಹೋಗತ್ತೆ. ಆ ಗೇಣಿನಲ್ಲಿ ಅರ್ಧದ ಹತ್ರ ಹೊಸ ಟೈರೇ ತಿಂದ್ರೆ ಕತ್ತಲಲ್ಲಿ, ಮಳೇಲಿ, ಅಜ್ಜಿನ ಕೂರಿಸ್ಕೊಂಡು...

ಟೈರಿನ ಎತ್ತರದ್ದೂ ಒಂದು ಲೆಕ್ಕ. 31 ಇಂಚು ಅಂದ್ರೆ 787 ಮಿಲಿಮೀಟರು. ನಮ್ಮ 6.00-16 ಹೊಸ ಟೈರು ಅಳೆದ್ರೆ 728. ಅಂದ್ರೆ ಎಂಟು ಪರ್ಸೆಂಟು ದೊಡ್ಡ ಚಕ್ರ. ಗೇರು ಎಂಟು ಪರ್ಸೆಂಟು ಮೇಲಿನದ್ದಾದ ಹಾಗೆ. ಸಪಾಟು ರಸ್ತೇಲಿ ಚಂದ. ನಮ್ಮ ಏರಿನಲ್ಲಿ ಫಸ್ಟ್ ಗೇರಿನಲ್ಲೂ ಕೆಮ್ಮೋ 2.1 ಲೀಟರಿನ ಎಂಜಿನ್ನಿಗೆ ಅಷ್ಟು ಹೊರೆ ಹೆಚ್ಚಾಯ್ತು. ಬ್ರೇಕಿಗೂ ಅಷ್ಟೇ, ಡ್ರಮ್ಮು ಅದೇ, ಹಿಡಿದು ನಿಲ್ಲಿಸಬೇಕಾದ ಚಕ್ರ ದೊಡ್ಡದು. ಸ್ಪೀಡಾಮೀಟರು 50 ಅಂದಾಗ ಗಾಡಿ 54ರಲ್ಲಿರತ್ತೆ. (ನಮ್ಮ ಜೀಪಿನ ಸ್ಪೀಡಾಮೀಟರು ಸತ್ತು ಎಷ್ಟು ವರ್ಷ ಆಯ್ತೋ, ಅದು ಬೇರೆ ಮಾತು.)

ಕಾನೂನಿನ ಮಾತೂ ಒಂದಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ವಾಹನ ಮಾರ್ಪಾಡು ಮಾಡೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳ್ತು. ನಮ್ಮ ಜೀಪು 15 ವರ್ಷ ದಾಟಿದ್ದರಿಂದ 5 ವರ್ಷಕ್ಕೊಮ್ಮೆ ಶಿರಸಿ ಆರ್‌ಟಿಓಗೆ ಕೊಂಡೊಯ್ದು ತೋರಿಸಿ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರ್ತು. ದುಡ್ಡೂ ಕೊಟ್ಟು, ರೆಕ್ಕೆಯಿಂದ ಹೊರಗೆ ಚಾಚಿರೋ ಚಕ್ರ ತೋರಿಸಿ ವಾಪಸ್ ಬರೋದು ಯಾರಿಗೆ ಬೇಕು?

ಅಪ್ಪಯ್ಯಂಗೆ ಪರ್ಸೆಂಟೇಜು, ಕಲಮು ಯಾವುದೂ ತಾಗಲಿಲ್ಲ. ಮೋರಿ ಹತ್ರ ಕರ್ಕೊಂಡು ಹೋಗಿ, ಈಗಿನ ಟೈರಿನ ಗುರುತಿನಿಂದ ಎಷ್ಟು ಹೊರಗೆ ಹೋಗತ್ತೆ ಅಂತ ಒಂದು ಅಡಿಕೆ ದಬ್ಬೆ ಇಟ್ಟು ತೋರಿಸಿದೆ. ಐದು ಸೆಕೆಂಡು ನೋಡಿ, "ಬ್ಯಾಡ ಬಿಡು" ಅಂದ. ಅಷ್ಟೇ.

ಹಾಗಾದ್ರೆ ಬೊಲೆರೊದ 15 ಇಂಚಿನ ಡಿಸ್ಕು? ಇದು ನಿಜವಾಗ್ಲೂ ಯೋಚನೆ ಮಾಡೋ ಅಂಥದ್ದು. ಎಲ್ಲಾ ಕಡೆ ಸಿಗತ್ತೆ, 215/75 ಆರ್ 15 ಟೈರು ಯಾವ ಅಂಗಡೀಲೂ ಇರತ್ತೆ, ರೇಡಿಯಲ್ಲು, ಟ್ಯೂಬಿನ ರಗಳೆಯಿಲ್ಲ. ವ್ಯಾಸ ಲೆಕ್ಕ ಹಾಕಿ: 215ರ 75 ಪರ್ಸೆಂಟು 161, ಎರಡು ಕಡೆ 322, ಅದಕ್ಕೆ 15 ಇಂಚಿನ 381 ಸೇರಿದ್ರೆ 703. ನಮ್ಮದಕ್ಕಿಂತ 25 ಮಿಲಿಮೀಟರು ಚಿಕ್ಕದು, ಅಂದ್ರೆ ಹೊಟ್ಟೆ ನೆಲಕ್ಕೆ 12 ಮಿಲಿಮೀಟರು ಹತ್ರ. ಡಾಂಬರಿನ ಮೇಲೆ ಓಡೋ ಜೀಪಾಗಿದ್ರೆ ಕಣ್ಮುಚ್ಚಿ ಅದನ್ನೇ ಹಾಕಿಸ್ತಿದ್ದೆ. ಶಿರಸಿ ಪೇಟೆಯಲ್ಲಿರೋರಿಗೆ ಈಗಲೂ ಅದನ್ನೇ ಹೇಳ್ತೀನಿ. ಆದ್ರೆ ನಮ್ಮ ದಾರೀಲಿ ಆಷಾಢದ ಹೊತ್ತಿಗೆ ಚಕ್ರದ ಗಾಲಿ-ಗುರುತು ಮೊಣಕಾಲುದ್ದ ಹೊಂಡ ಆಗಿರತ್ತೆ. ಕಿರಿದಾದ, ಎತ್ತರದ ಟೈರು ಕೆಸರನ್ನ ಸೀಳ್ಕೊಂಡು ಹೋಗಿ ಕೆಳಗಿನ ಗಟ್ಟಿ ನೆಲ ಹಿಡಿಯತ್ತೆ. ಅಗಲದ ಟೈರು ಮೇಲೇ ತೇಲತ್ತೆ, ಜಾರತ್ತೆ. ಮರಳಿಗೆ ಅಗಲದ್ದು ಸರಿ. ನಮ್ಮ ಕೆಮ್ಮಣ್ಣಿಗೆ ಹಳೇ ಕಾಲದ ಕಿರಿದಾದ 6.00-16 ಸರಿ. ಕಂಪನಿಯವರು ಪೆದ್ದರಲ್ಲ.

ಟ್ಯೂಬ್‌ಲೆಸ್ ಬಗ್ಗೆ ಇನ್ನೊಂದು ಮಾತು, ಯಾಕಂದ್ರೆ ಈ ಉಪಾಯ ನಮ್ಮ ಕಡೆ ಬಹಳ ಜನ ಹೇಳ್ತಾರೆ: ಹಳೇ ಡಿಸ್ಕಿಗೇ ವಾಲ್ವ್ ಹಾಕಿ ಟ್ಯೂಬ್‌ಲೆಸ್ ಮಾಡಿಬಿಡಿ ಅಂತ. ಟ್ಯೂಬ್‌ಲೆಸ್ಸಿನ ಡಿಸ್ಕಿನ ಒಳಗೆ ಟೈರಿನ ಅಂಚು ಕೂರೋ ಜಾಗದ ಪಕ್ಕ ಒಂದು ಸಣ್ಣ ದಿಬ್ಬ ಇರತ್ತೆ. ಗಾಳಿ ಕಮ್ಮಿ ಆದಾಗ್ಲೂ, ತಿರುವಿನಲ್ಲೂ ಅಂಚು ಒಳಗೆ ಜಾರದ ಹಾಗೆ ಅದು ತಡೆಯತ್ತೆ. ಹಳೇ ಟ್ಯೂಬಿನ ಡಿಸ್ಕಿಗೆ ಆ ದಿಬ್ಬ ಇರಲ್ಲ. ಅಂಚು ಜಾರಿದ್ರೆ ಗಾಳಿ ಪೂರ್ತಿ ಒಂದೇ ಏಟಿಗೆ ಹೋಗತ್ತೆ. ಹಾಗಾಗಿ ಟ್ಯೂಬಿನ ಡಿಸ್ಕಿಗೆ ಟ್ಯೂಬೇ.

ಸರಿ, 16 ಇಂಚಿನ ನಾಲ್ಕೂವರೆ ಅಗಲದ ಕಬ್ಬಿಣದ ಡಿಸ್ಕೇ ಬೇಕು ಅಂತ ಆಯ್ತು. ಹುಡುಕೋದು ಎಲ್ಲಿ? ಶಿರಸಿಯ ಗುಜರಿ ಅಂಗಡಿಗಳಲ್ಲಿ ನೋಡಿದ್ರೆ ನಮ್ಮದಕ್ಕಿಂತ ಮುಪ್ಪಾದವು. ಅಪ್ಪಯ್ಯನ ಗುರ್ತಿನ ಮೇಸ್ತ್ರಿಯೊಬ್ಬರು ಯಲ್ಲಾಪುರಕ್ಕೆ ಹೋಗಿ ನೋಡಿ ಅಂದ್ರು. ಯಲ್ಲಾಪುರ ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯ ಊರು. ಹೊಸಪೇಟೆ ಕಡೆಯ ಅದಿರು ಬೇಲೆಕೇರಿ ಬಂದರಿಗೆ ಹೋಗ್ತಿದ್ದ ಆ ಕಾಲದಲ್ಲಿ ಹಗಲೂ ರಾತ್ರಿ ಲಾರಿಗಳು ಅರಬೈಲ್ ಘಟ್ಟ ಇಳೀತಿದ್ವು. ಅಂಥಾ ಊರಿನಲ್ಲಿ ಚಕ್ರ ಗೊತ್ತಿರೋ ಜನ ಇರ್ಲೇಬೇಕು. ಅಲ್ಲೊಂದು ಅಂಗಡಿ ಎದುರು ಅರ್ಧ ಗಂಟೆ ನಿಂತು ಲಾರಿ ಚಕ್ರಕ್ಕೆ ಗಾಳಿ ತುಂಬೋದು ನೋಡಿದೆ. ಅದು ನಮ್ಮ ಡಿಸ್ಕಿನ ಥರ ಒಂದೇ ತುಂಡಲ್ಲ. ಟೈರು ಹಾಕಿದ ಮೇಲೆ ಅಂಚಿಗೆ ಕಬ್ಬಿಣದ ರಿಂಗು ಕೂರಿಸ್ತಾರೆ, ಒಳಗಿನ ಗಾಳಿಯ ಒತ್ತಡವೇ ಆ ರಿಂಗನ್ನ ಜಾಗದಲ್ಲಿ ಹಿಡಿದಿಡೋದು. ತುಕ್ಕು ಹಿಡಿದ ಅಥವಾ ಬೇರೆ ಅಳತೆಯ ರಿಂಗು ಹಾಕಿದ್ರೆ ಗಾಳಿ ತುಂಬೋವಾಗ ಅದು ಗುಂಡಿನ ಥರ ಹಾರತ್ತೆ. ಅಲ್ಲಿಯ ಅಜ್ಜ ಒಬ್ಬರು ಚಕ್ರಕ್ಕೆ ಸರಪಳಿ ಸುತ್ತಿ, ತಾವು ಪಕ್ಕಕ್ಕೆ ನಿಂತು, ಮಾರುದ್ದದ ಪೈಪಿನಿಂದ ಗಾಳಿ ಬಿಡ್ತಿದ್ರು. ನಮ್ಮ ಸಣ್ಣ ಡಿಸ್ಕಿನ ಗೋಳು ಅವರ ಮುಂದೆ ಏನೂ ಅಲ್ಲ ಅನ್ನಿಸ್ತು.

ಅವರೇ ಒಂದು ಬಿಡಿಭಾಗದ ಅಂಗಡಿ ಹೇಳಿದ್ರು. ಅಲ್ಲಿ ಐದು ಹೊಸ ಡಿಸ್ಕು ಸಿಕ್ಕಿದ್ವು. ಒಂದಕ್ಕೆ ಎರಡು ಸಾವಿರದ ಒಳಗೆ. ಅಂಗಡಿಯವರಿಗೆ ನಾನು ಟೇಪು, ವರ್ನಿಯರ್ ಕ್ಯಾಲಿಪರ್ ತೆಗೆದದ್ದು ನೋಡಿ ನಗು. "ನೀವು ಇಂಜಿನಿಯರಾ?" ಅಂದ್ರು. ಸಾಫ್ಟ್‌ವೇರು ಅಂದೆ. "ಓ" ಅಂದ್ರು. ಆ 'ಓ'ದಲ್ಲಿ ಎಲ್ಲಾ ಇತ್ತು.

ಟೈರಿನ ವಿಷಯದಲ್ಲಿ ಒಂದು ಸಂಗತಿ ನಮ್ಮ ಕಡೆಯವರಿಗೆ ಹೇಳ್ಲೇಬೇಕು. 6.00-16 ಅನ್ನೋ ಅಳತೆ ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೂ ಇದೆ. ಬನವಾಸಿ, ಮುಂಡಗೋಡು ಕಡೆ ಟ್ರ್ಯಾಕ್ಟರು ಜಾಸ್ತಿ, ಹಾಗಾಗಿ ಕೃಷಿ ಸಾಮಾನಿನ ಅಂಗಡೀಲಿ ಅದು ಸುಲಭದಲ್ಲಿ ಸಿಗತ್ತೆ. ಸಂಖ್ಯೆ ಅದೇ ಅಂತ ಜೀಪಿಗೆ ಹಾಕಿಸಿದವರನ್ನ ನೋಡಿದ್ದೀನಿ. ಅದರ ಪಕ್ಕದಲ್ಲಿ ಎ6, ಎ8 ಅಂತ ಇರತ್ತೆ ನೋಡಿ. ಎ6 ಅಂದ್ರೆ ಗಂಟೆಗೆ 30 ಕಿಲೋಮೀಟರು, ಎ8 ಅಂದ್ರೆ 40, ಅಷ್ಟಕ್ಕೇ ಮಾಡಿದ್ದು. ಉದ್ದುದ್ದ ಗೆರೆಯ ಆ ಟೈರು ಗದ್ದೇಲಿ ಟ್ರ್ಯಾಕ್ಟರನ್ನ ನೇರ ಹಿಡಿಯೋಕೆ, ಘಟ್ಟದಲ್ಲಿ ಬ್ರೇಕು ಹಿಡಿಯೋಕಲ್ಲ. ಹಾಗೇ ಟೈರಿನ ಮೈಮೇಲೆ ನಾಲ್ಕು ಅಂಕಿ ಇರತ್ತೆ. 2319 ಅಂದ್ರೆ 2019ರ 23ನೇ ವಾರ ಮಾಡಿದ್ದು. ಹಳೇ ಅಳತೆಯ ಟೈರು ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಕೂತಿರತ್ತೆ, 'ಹೊಸದು' ಅಂತ ಕೊಡ್ತಾರೆ. ಮೊದಲು ಆ ಅಂಕಿ ಓದಿ.

ಮತ್ತೆ ಫೋರ್ ವೀಲ್ ಜೀಪಿಗೆ ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವಕಲು ಇರಬೇಕು. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲಿನ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲಿಗೆ ಹಾಕಿದ್ರೆ ಎರಡೂ ಕಡೆ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಹಿಂದೆ ಹೊಸ ಟೈರು, ಮುಂದೆ 8 ಮಿಲಿಮೀಟರು ಸವೆದದ್ದು ಇದ್ರೆ, ವ್ಯಾಸದಲ್ಲಿ 16 ವ್ಯತ್ಯಾಸ, ಒಂದು ಕಿಲೋಮೀಟರಿಗೆ 22 ಮೀಟರು. ಕೆಸರಲ್ಲಾದ್ರೆ ಚಕ್ರ ಜಾರಿ ಲೆಕ್ಕ ಚುಕ್ತಾ ಮಾಡ್ಕೊಳ್ಳತ್ತೆ. ಗಟ್ಟಿ ನೆಲದಲ್ಲಿ ಆ 22 ಮೀಟರು ಗೇರು ಬಾಕ್ಸಿನ ಹಲ್ಲಿನ ಮೇಲೆ ಬೀಳತ್ತೆ. ನಮ್ಮ ಎರಡು ಟೈರು ಹೆಚ್ಚುಕಮ್ಮಿ ಹೊಸವೇ ಇದ್ವು, ಅದೇ ಕಂಪನಿಯ ಅದೇ ಹಲ್ಲಿನ ಮೂರು ತಗೊಂಡ್ವಿ. ಐದನೇದು ಸ್ಟೆಪ್ನಿಗೆ. (ಈ 'ಸ್ಟೆಪ್ನಿ' ನಮ್ಮೂರ ಶಬ್ದ ಅಂದ್ಕೊಂಡಿದ್ದೆ ಚಿಕ್ಕೋನಿದ್ದಾಗ. ಬ್ರಿಟನ್ನಿನ ವೇಲ್ಸ್‌ನಲ್ಲಿ ಲನೆಲಿ ಅನ್ನೋ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವಿಸ್ ಅಂತ ಅಣ್ಣತಮ್ಮಂದಿರು ಹೆಚ್ಚುವರಿ ಚಕ್ರ ಮಾಡಿ ಮಾರೋಕೆ ಶುರು ಮಾಡಿದ್ರಂತೆ. ಆ ಬೀದಿ ಹೆಸರು ಸಿದ್ದಾಪುರದ ಪಂಕ್ಚರ್ ಅಂಗಡಿ ತನಕ ಬಂದಿದೆ.)

ಇಷ್ಟೆಲ್ಲಾ ತಂದು ಡಿಸ್ಕು ಹಾಕಿಬಿಡೋಣ ಅಂತ ಹಿಂದಿನ ಎಡಗಡೆ ಚಕ್ರ ಬಿಚ್ಚಿದಾಗ ಅಸಲಿ ವಿಷಯ ಗೊತ್ತಾಗಿದ್ದು. ವಿಲ್ಲಿಸ್ ವಂಶದ ಹಳೇ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ. ಬಿಚ್ಚೋಕೆ ಬಲಕ್ಕೆ ತಿರುಗಿಸಬೇಕು. ಚಕ್ರ ತಿರುಗೋ ರಭಸಕ್ಕೆ ನಟ್ಟು ತಾನೇ ಸಡಿಲ ಆಗದಿರ್ಲಿ ಅನ್ನೋ ಆ ಕಾಲದ ಯೋಚನೆ. ಅಮೆರಿಕದ ಕ್ರೈಸ್ಲರ್ ಕಂಪನಿಯವರು ಕೂಡ 1970ರ ಆಸುಪಾಸಿನವರೆಗೆ ಹೀಗೇ ಮಾಡ್ತಿದ್ರು. ಇದು ಗೊತ್ತಿಲ್ಲದ ಯಾರೋ ಯಾವುದೋ ಊರಿನಲ್ಲಿ ಉದ್ದದ ಪಾನಾ ಹಾಕಿ, ಅದರ ಮೇಲೆ ಹತ್ತಿ ನಿಂತು, ಬಿಚ್ಚೋ ಬದ್ಲು ಬಿಗಿ ಮಾಡಿ ಎರಡು ಸ್ಟಡ್ಡು ಮುರಿದಿದ್ದಾರೆ. ಮುರಿದಿದ್ದಕ್ಕೆ ಬೇರೆ ಸ್ಟಡ್ಡು ಹಾಕಿದ್ದಾರೆ. ಅವು ಮಾಮೂಲಿ ಬಲ ತಿರುವಿನವು. ಒಂದೇ ಚಕ್ರದಲ್ಲಿ ಮೂರು ನಟ್ಟು ಆ ಕಡೆ, ಎರಡು ಈ ಕಡೆ!

ಅಷ್ಟೇ ಆಗಿದ್ರೆ ನಕ್ಕು ಬಿಡಬಹುದಿತ್ತು. ಕ್ಯಾಲಿಪರ್ ಇಟ್ಟು ನೋಡಿದ್ರೆ ಮೂಲದ ಮೂರು ಸ್ಟಡ್ಡು 12.6 ಮಿಲಿಮೀಟರು, ಅಂದ್ರೆ ಅರ್ಧ ಇಂಚಿನವು. ಆ ಎರಡು 11.85. ಅಂದ್ರೆ 12 ಮಿಲಿಮೀಟರಿನ ಮೆಟ್ರಿಕ್ ಸ್ಟಡ್ಡು, ಜಿಪ್ಸಿಗೆ ಬರೋ ಥರದ್ದು. ಅದಕ್ಕೆ ಅರ್ಧ ಇಂಚಿನ ನಟ್ಟು ಹಾಕಿದ್ದಾರೆ! ಹೇಗೆ ಕೂತ್ಕೊಳ್ತು ಅಂತೀರಾ? ಅರ್ಧ ಇಂಚಿನ ಸ್ಟಡ್ಡಿಗೆ ಇಂಚಿಗೆ 20 ಸುತ್ತು, ಒಂದು ಸುತ್ತಿಗೆ 1.27 ಮಿಲಿಮೀಟರು. ಮೆಟ್ರಿಕ್‌ದು 1.25. ಎರಡೂ ಎಷ್ಟು ಹತ್ರ ಅಂದ್ರೆ ನಟ್ಟು ಸಲೀಸಾಗಿ ತಿರುಗಿ ಒಳಗೆ ಹೋಗತ್ತೆ, ಕೊನೆಗೆ ಬಿಗಿ ಆದ ಹಾಗೂ ಅನ್ನಿಸತ್ತೆ. ಆದ್ರೆ ಹಲ್ಲಿಗೆ ಹಲ್ಲು ಕಚ್ಚಿರೋದು ತುದಿಯಲ್ಲಿ ಮಾತ್ರ, ಕಾಲು ಮಿಲಿಮೀಟರಿನಷ್ಟು. ಭಾರ ಹೊತ್ತಿದ್ದು ಮೂರೇ ನಟ್ಟು. ಸಡಿಲ ಆದ ಎರಡರ ಹತ್ರ ಡಿಸ್ಕು ಅಲ್ಲಾಡಿ ಅಲ್ಲಾಡಿ ತೂತು ಮೊಟ್ಟೆ ಆಯ್ತು, ಆಮೇಲೆ ಬಿರುಕು ಬಿಡ್ತು. ಡಿಸ್ಕು ಹಳೇದಾಗಿ ಬಿರುಕು ಬಿಟ್ಟಿದ್ದಲ್ಲ. ಹೊಸ ಡಿಸ್ಕು ಹಾಕಿದ್ರೂ ಮುಂದಿನ ವರ್ಷಕ್ಕೆ ಅದೇ ಕಥೆ. ಅಷ್ಟರ ತನಕ ಸ್ಟಡ್ಡು ತಡೆದಿದ್ರೆ.

ಮೇಸ್ತ್ರಿ ನೋಡಿ ಒಂದು ನಿಮಿಷ ಸುಮ್ನಿದ್ರು. "ಭಟ್ರೇ, ನೀವು ಈ ಚಕ್ರದಲ್ಲೇ ಕಳೆದ ಮಳೆಗಾಲ ಓಡ್ಸಿದ್ದಾ?" ಅಂತ ಕೇಳಿದ್ರು.

ಕಳೆದ ಜುಲೈನಲ್ಲಿ ಪಕ್ಕದ ಮನೆಯ ಬಾಣಂತಿಯನ್ನ ರಾತ್ರಿ ಹನ್ನೊಂದು ಗಂಟೆಗೆ ಇದೇ ಜೀಪಿನಲ್ಲಿ ಶಿರಸಿಗೆ ಕರ್ಕೊಂಡು ಹೋಗಿದ್ದು ಅಪ್ಪಯ್ಯ. ಸಿದ್ದಾಪುರದಿಂದ ಶಿರಸಿಗೆ ಹತ್ರ ಹತ್ರ 36 ಕಿಲೋಮೀಟರು. ಯಾರೂ ಆ ಮಾತು ಎತ್ತಲಿಲ್ಲ.

ಎರಡೂ ಸ್ಟಡ್ಡು ಹೊಡೆದು ತೆಗೆಸಿ ಅರ್ಧ ಇಂಚಿನ ಎಡ ತಿರುವಿನವೇ ಹಾಕಿಸಿದ್ವಿ. ಶಿರಸಿಯಲ್ಲಿ ಸಿಗದೆ ಹುಬ್ಬಳ್ಳಿಯಿಂದ ಆ ಅಲಾಯ್ ತಮ್ಮನೇ ಬಸ್ಸಿಗೆ ಹಾಕಿ ಕಳಿಸಿದ, ಬೇಜಾರು ಮಾಡ್ಕೊಳ್ದೆ. ಉಳಿದ ಹದಿನೆಂಟು ಸ್ಟಡ್ಡಿಗೂ ಕ್ಯಾಲಿಪರ್ ಇಟ್ಟು ನೋಡಿದೆ, ಸರಿ ಇದ್ವು. ಇಪ್ಪತ್ತೂ ನಟ್ಟು ಹೊಸದು, ಡಿಸ್ಕಿನ ತೂತಿನ ಇಳಿಜಾರಿಗೆ ಸರಿಯಾಗಿ ಕೂರೋ ಚೂಪು ಮುಖದವು. ಹಬ್ಬಿನ ಮುಖದ ತುಕ್ಕು ಕೆರೆದು, ಡಿಸ್ಕಿನ ಕೂರೋ ಜಾಗದ ದಪ್ಪ ಪೇಂಟನ್ನೂ ಸ್ವಲ್ಪ ಕೆರೆದ್ವಿ. ನಡುವೆ ಪೇಂಟು ಇದ್ರೆ ನಾಲ್ಕು ದಿನಕ್ಕೆ ಅದು ಪುಡಿಯಾಗಿ ನಟ್ಟು ಸಡಿಲ ಆಗತ್ತೆ. ನಟ್ಟನ್ನ ಒಂದು ಬಿಟ್ಟು ಒಂದು, ನಕ್ಷತ್ರ ಬರೆಯೋ ಕ್ರಮದಲ್ಲಿ, ಚಕ್ರ ಗಾಳಿಯಲ್ಲಿರುವಾಗ ಅರ್ಧ ಬಿಗಿ, ನೆಲಕ್ಕೆ ಇಳಿಸಿ ಪೂರ್ತಿ ಬಿಗಿ. ಮೇಸ್ತ್ರಿಯ ಹತ್ರ ಟಾರ್ಕ್ ಪಾನಾ ಇತ್ತು, ಪಂಕ್ಚರ್ ಅಂಗಡಿಯ ಗಾಳಿ ಗನ್ನಿಗಿಂತ ಅದೇ ವಾಸಿ. ಕೊನೆಗೆ ಪ್ರತಿ ನಟ್ಟಿನಿಂದ ಡಿಸ್ಕಿನ ಮೇಲೆ ಬರೋ ಹಾಗೆ ಹಳದಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ನಟ್ಟು ಒಂದು ಚೂರು ತಿರುಗಿದ್ರೂ ಗೆರೆ ತುಂಡಾಗಿ ಕಾಣತ್ತೆ, ಪಾನಾ ಹಿಡಿಯೋದೇ ಬೇಡ. ಎಡಗಡೆ ಎರಡೂ ಚಕ್ರದ ಮೇಲೆ ಕನ್ನಡದಲ್ಲೇ "ಉಲ್ಟಾ" ಅಂತ ದೊಡ್ಡಕ್ಕೆ ಬರೆದೆ. ಆಯಿ ನೋಡಿ, "ಇದೆಂತದಾ, ದೃಷ್ಟಿ ಬೊಟ್ಟು ಮಾಡ್ದಂಗೆ" ಅಂದಳು.

50 ಕಿಲೋಮೀಟರು ಓಡಿದ ಮೇಲೆ ಇನ್ನೊಂದ್ಸಲ ನಟ್ಟು ನೋಡಬೇಕು ಅಂತ ಅಪ್ಪಯ್ಯಂಗೆ ಹೇಳಿ ಬೆಂಗಳೂರಿಗೆ ಬಂದೆ. ಅವ ಅಜ್ಜಿಯನ್ನ ಶಿರಸಿಗೆ ಕರ್ಕೊಂಡು ಹೋಗಿ ಬಂದ ದಿನ ಸಂಜೆ ಫೋನ್ ಮಾಡಿದ್ದ. ಬಲಗಡೆ ಮುಂದಿನ ಚಕ್ರದಲ್ಲಿ ಒಂದು ನಟ್ಟು ಕೂದಲಷ್ಟು ತಿರುಗಿತ್ತಂತೆ, ಬಿಗಿ ಮಾಡಿದ್ನಂತೆ. ಉಳಿದ ಹತ್ತೊಂಬತ್ತು ಗೆರೆ ನೆಟ್ಟಗಿದ್ವಂತೆ. ಸ್ಟೇರಿಂಗು ಮೊದಲಿಗಿಂತ ಹಗುರ ಆಗಿದೆ ಅಂದ. ಎರಡು ಸೊಟ್ಟ ಡಿಸ್ಕು ಹೋಗಿದ್ದಕ್ಕೆ ಇರಬೇಕು.

ನಾಲ್ಕು ಹಳೇ ಡಿಸ್ಕು ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋದ್ವು. ಬಿರುಕಿನದ್ದನ್ನ ಮಾತ್ರ ಅಪ್ಪಯ್ಯ ಕೊಡಲಿಲ್ಲ, ಕೊಟ್ಟಿಗೆ ಗೋಡೆಗೆ ತೂಗುಹಾಕಿದ್ದಾನೆ. ಬಂದೋರಿಗೆಲ್ಲಾ ಇಳಿಸಿ ತೋರಿಸ್ತಾನಂತೆ. ಹೋದ ವಾರ ಕೇರಿಯ ಇನ್ನೊಂದು ಜೀಪಿನವರು ಕ್ಯಾಲಿಪರ್ ಕೇಳ್ಕೊಂಡು ಬಂದಿದ್ರಂತೆ. ಅದು ನನ್ನ ಬ್ಯಾಗಿನಲ್ಲೇ ಬೆಂಗಳೂರಿಗೆ ಬಂದುಬಿಟ್ಟಿದೆ, ಶನಿವಾರದ ಬಸ್ಸಿಗೆ ಕೊಟ್ಟು ಕಳಿಸ್ಬೇಕು.